ವೇಗದ ಋಣ

ಕಳೆದ ವೈಶಾಖದಲ್ಲಿ ಬಂಧುಗಳ ಮನೆಯ ಮದುವೆಗೆಂದು ನಾವು ನಾಲ್ಕು ಮಂದಿ ಬಾಡಿಗೆಯ ಕಾರೊಂದರಲ್ಲಿ ಹೊರಟಿದ್ದೆವು. ಮುಂದಿನ ಆಸನದಲ್ಲಿ ನನ್ನ ತಂಗಿಯ ಮಗಳು; ಅವಳ ತೊಡೆಯ ಮೇಲೆ ಒಂದು ವರ್ಷದ ಮಗು. ಊರೊಳಗಣ ಇಕ್ಕಟ್ಟಾದ ಬೀದಿಯಾದುದರಿಂದ ಕಾರು ಮೆಲ್ಲನೆಯೇ ಸಾಗುತ್ತಿದ್ದಿತು. ಅಷ್ಟರಲ್ಲಿ ಎಳಗರುವೊಂದು ಬಾಲವೆತ್ತಿಕೊಂಡು ಅಡ್ಡ ನುಗ್ಗಿತು. ಚಾಲಕನು ಬ್ರೇಕನ್ನು ಅದುಮಿದನು. ಕರು ಉಳಿಯಿತು, ಆದರೆ ಮಗು ತಾಯಿಯ ತೋಳಿನಿಂದ ಜಾರಿ ಮುಂದಿನ ಹಲಗೆಗೆ ತಾಗಿತು. ತುಟಿ ಒಡೆದು ರಕ್ತ ಬಂದಿತು. ದೈವಕೃಪೆಯಿಂದ ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಮಗು ಅತ್ತು ಸುಮ್ಮನಾದ ಮೇಲೂ ತಾಯಿಯ ಕಣ್ಣೀರು ನಿಲ್ಲಲಿಲ್ಲ. “ಗಟ್ಟಿಯಾಗಿಯೇ ಹಿಡಿದುಕೊಂಡಿದ್ದೆನಲ್ಲ ಮಾವ, ಹೇಗೆ ಜಾರಿಹೋಯಿತು?” ಎಂದು ಅವಳು ಮತ್ತೆ ಮತ್ತೆ ಕೇಳಿದಳು. “ಇರಲಿ ಬಿಡಮ್ಮ, ದೊಡ್ಡ ಪೆಟ್ಟೇನೂ ಆಗಲಿಲ್ಲವಲ್ಲ” ಎಂದೆನೇ ಹೊರತು ಅವಳ ಪ್ರಶ್ನೆಗೆ ಆಗ ನಾನು ಉತ್ತರ ಹೇಳಲಿಲ್ಲ.

ಅವಳು ಹೇಳಿದುದು ಸುಳ್ಳಲ್ಲ, ಗಟ್ಟಿಯಾಗಿಯೇ ಹಿಡಿದಿದ್ದಳು. ತಾಯಿಯ ಅಕ್ಕರೆಯಲ್ಲಿ ಕೊರತೆಯಿದ್ದಿತೆಂದು ಯಾರೂ ಹೇಳಲಾರರು. ಆದರೆ ಚಲಿಸುವ ವಸ್ತುಗಳು ಅಕ್ಕರೆಗೆ ಮಣಿಯುವುವಲ್ಲ. ಅವುಗಳಿಗೆ ಅವುಗಳದೇ ಆದ ನಿಯಮಗಳುಂಟು. ಆ ನಿಯಮಗಳು ಶಾಲೆಯ ಹುಡುಗರು ಬಾಯಿಪಾಠ ಮಾಡಿ ಪರೀಕ್ಷೆಯ ಮಾರನೆಯ ದಿನ ಮರೆಯತಕ್ಕವುಗಳೆಂದು ನಮ್ಮಲ್ಲಿ ಅನೇಕರು ತಿಳಿದಿರುವರು. ಹಾಗಲ್ಲ, ಅವು ಅಡಿಗೆಯ ಮನೆಯಲ್ಲಿ, ಬಾವಿಯ ಕಟ್ಟೆಯಲ್ಲಿ, ಬೀದಿಯಲ್ಲಿ ದಿನವೂ ನಮ್ಮೊಡನೆ ವ್ಯವಹರಿಸುತ್ತಿರುವುವು. ಅವುಗಳನ್ನು ಅರಿತು ನಡೆದರೆ ಕೈಗೂಸಿನ ಪ್ರಾಣವೇ ಉಳಿಯಬಹುದು. ಅಂದು ಕೊಡದ ಉತ್ತರವನ್ನು ಇಂದು ಬರೆಯುತ್ತಿರುವುದು ಆ ಕಾರಣದಿಂದಲೇ.

ಮೊದಲು ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಿರಿ. ಒಂದು ಲೋಟದ ಬಾಯಿಯ ಮೇಲೆ ಅಂಚೆಯ ಕಾರ್ಡನ್ನಿಟ್ಟು, ಅದರ ನಡುವೆ ಒಂದು ರೂಪಾಯಿಯ ನಾಣ್ಯವನ್ನಿಡಿರಿ. ಕಾರ್ಡನ್ನು ಮೆಲ್ಲನೆ ಎಳೆದರೆ ನಾಣ್ಯವೂ ಅದರೊಡನೆ ಬರುವುದು. ಹಾಗೆ ಮಾಡದೆ, ಬೆರಳಿನಿಂದ ಕಾರ್ಡಿನ ಅಂಚನ್ನು ಫಕ್ಕನೆ ಚಿಮ್ಮಿದರೆ ಕಾರ್ಡು ಹಾರಿಹೋಗುವುದು. ನಾಣ್ಯವು ಲೋಟದೊಳಕ್ಕೆ ಟಣ್ಣೆಂದು ಬೀಳುವುದು. ನಿಂತಿದ್ದ ನಾಣ್ಯವು ನಿಂತಂತೆಯೇ ಇರಲು ಬಯಸಿದಂತೆ ಕಾಣುವುದಲ್ಲವೆ? ಕಂಬಳಿಯನ್ನು ಕೊಡಹಿದಾಗ ಧೂಳು ಬೇರ್ಪಡುವುದೂ, ನಿಂತಿದ್ದ ಬಸ್ಸು ತಟ್ಟನೆ ಹೊರಟಾಗ ನಾವು ಹಿಂದಕ್ಕೆ ವಾಲುವುದೂ ಇದೇ ಕಾರಣದಿಂದ. ವಸ್ತುವಿನ ಈ ಸ್ವಭಾವಕ್ಕೆ ಜಡತ್ವವೆಂದು ಹೆಸರು.

ನಿಂತುದು ನಿಂತೇ ಇರುವುದೆಂಬುದನ್ನು ಒಪ್ಪುವುದು ಸುಲಭ. ಓಡುವುದು ಓಡುತ್ತಲೇ ಇರುವುದೆಂದರೆ ಮಾತ್ರ ಮನಸ್ಸು ಒಪ್ಪದು. ಎತ್ತು ನಿಂತರೆ ಗಾಡಿಯೂ ನಿಲ್ಲುವುದು. ಉರುಳಿಬಿಟ್ಟ ಗೋಲಿ ಸ್ವಲ್ಪ ದೂರ ಹೋಗಿ ನಿಲ್ಲುವುದು. ಎಳೆಯುವವನಿಲ್ಲದೆ ಚಲನೆಯಿಲ್ಲವೆಂದೇ ಗ್ರೀಸ್ ದೇಶದ ಅರಿಸ್ಟಾಟಲನು ಬೋಧಿಸಿದನು. ಯೂರೋಪಿನಲ್ಲಿ ಆ ಮಾತು ಶತಮಾನಗಳ ಕಾಲ ಪ್ರಮಾಣವಾಗಿದ್ದಿತು. ನಮ್ಮ ದೇಶದ ವೈಶೇಷಿಕರೂ ಈ ವಿಷಯವನ್ನು ಕೂಲಂಕಷವಾಗಿ ಚರ್ಚಿಸಿರುವರು. ಕಣಾದನ ಸೂತ್ರಗಳಲ್ಲಿ ಕೈಯಿಂದೆತ್ತಿದ ಒನಕೆಯ ಚಲನೆಯೂ ಬಿಲ್ಲಿನಿಂದ ಹೊರಟ ಬಾಣದ ಚಲನೆಯೂ ವಿಚಾರಕ್ಕೆ ಬಂದಿರುವುವು. ಬಾಣಕ್ಕೆ ಮೊದಲ ಚಲನೆ ನೂಕುವಿಕೆಯಿಂದ ಬರುವುದೆಂದೂ, ಆ ಚಲನೆಯು ಬಾಣದಲ್ಲಿ ಒಂದು ಸಂಸ್ಕಾರವನ್ನು ಹುಟ್ಟಿಸಿ ಅದರಿಂದ ಮುಂದಿನ ಚಲನೆಗಳಾಗುವುವೆಂದೂ, ಸಂಸ್ಕಾರವು ಕ್ಷಯಿಸಿದಾಗ ಭಾರದಿಂದ ಬಾಣವು ಬೀಳುವುದೆಂದೂ ಅವರ ಮತ. ಈ ಸಂಸ್ಕಾರವನ್ನೇ ಪ್ರಶಸ್ತಪಾದನು ವೇಗವೆಂದು ಕರೆದನು. ಹೊರಗಿನವನು ಕೈಬಿಟ್ಟ ಮೇಲೂ ವಸ್ತುವಿನಲ್ಲಿ ಏನೋ ಒಂದು ಉಳಿದಿರುವುದೆಂಬುದನ್ನು ಅವರು ಕಂಡಿದ್ದರು. ಆದರೆ ಅದು ಮುಂದಿನ ಚಲನೆಗೆ ಬೇಕಾದ ಕಾರಣವೆಂದೂ, ಬಳಕೆಯಿಂದ ಸವೆದುಹೋಗುವುದೆಂದೂ ಎಣಿಸಿದ್ದರು.

ಇಟಲಿಯ ಗೆಲಿಲಿಯೊ ಈ ಕಟ್ಟಕಡೆಯ ಸಂದೇಹವನ್ನು ಬಿಡಿಸಿದನು. ನಯವಾದ ಇಳಿಜಾರಿನಲ್ಲಿ ಗುಂಡನ್ನು ಬಿಟ್ಟರೆ, ಅದು ಎದುರಿನ ಏರನ್ನು ಹೆಚ್ಚುಕಡಮೆ ತಾನು ಹೊರಟ ಎತ್ತರದವರೆಗೆ ಹತ್ತುವುದು. ಎದುರಿನ ಏರನ್ನು ತಗ್ಗಿಸಿದರೆ ಅದೇ ಎತ್ತರವನ್ನು ಮುಟ್ಟಲು ಗುಂಡು ಇನ್ನೂ ದೂರ ಓಡಬೇಕು. ಏರನ್ನು ಪೂರ್ತಿಯಾಗಿ ಮಟ್ಟ ಮಾಡಿಬಿಟ್ಟರೆ? ಮುಟ್ಟಬೇಕಾದ ಎತ್ತರವೇ ಇಲ್ಲ. ಗುಂಡು ಓಡುತ್ತಲೇ ಇರಬೇಕು. ಹಾಗಿದ್ದೂ ನಮ್ಮ ಗೋಲಿ ನಿಲ್ಲುವುದೇಕೆಂದರೆ, ನೆಲವೂ ಗಾಳಿಯೂ ಅದನ್ನು ತಡೆಯುತ್ತಿರುವುವು. ಚಲನೆ ತಾನಾಗಿ ಸವೆಯುವುದಿಲ್ಲ. ಇನ್ನೊಂದು ವಸ್ತು ಅದನ್ನು ಕಸಿದುಕೊಳ್ಳುವುದು. ಗೆಲಿಲಿಯೊವಿನ ಚಲನಶಾಸ್ತ್ರದ ಗ್ರಂಥವು 1638ರಲ್ಲಿ ಲೈಡನ್ ನಗರದಲ್ಲಿ ಅಚ್ಚಾಯಿತು. ಅರ್ಧ ಶತಮಾನದ ಬಳಿಕ, 1687ರಲ್ಲಿ, ಇಂಗ್ಲೆಂಡಿನ ನ್ಯೂಟನ್ನನು ಇದನ್ನೇ ತನ್ನ ಮೊದಲನೆಯ ನಿಯಮವಾಗಿ ಬರೆದನು.

ಇನ್ನು ಚಲನೆಯನ್ನು ಅಳೆಯುವ ಬಗೆ ಹೇಗೆ? ವೇಗವೊಂದೇ ಸಾಲದು. ನಮ್ಮೂರ ತೇರನ್ನು ನೆನೆಯಿರಿ. ಆಮೆಯಂತೆ ತೆವಳುವ ಆ ತೇರನ್ನು ನಿಲ್ಲಿಸಲು ಗಾಲಿಗಳ ಮಗ್ಗುಲಲ್ಲಿ ಮರದ ದೊಡ್ಡ ಬೆಣೆಗಳನ್ನು ಹಿಡಿದು ನುರಿತ ಆಳುಗಳು ನಡೆಯುತ್ತಿರಬೇಕು; ಅವರ ಕಣ್ಣು ಒಂದು ಕ್ಷಣ ತಪ್ಪಿದರೂ ಅನರ್ಥ. ಅತ್ತ ಬಂದೂಕಿನ ಗುಂಡೋ ಬೆರಳಿನ ತುದಿಯಷ್ಟು. ಆದರೂ ಅದರೆದುರು ನಿಲ್ಲುವವರಿಲ್ಲ. ಒಂದರಲ್ಲಿ ದ್ರವ್ಯ ಹೆಚ್ಚು, ಇನ್ನೊಂದರಲ್ಲಿ ವೇಗ ಹೆಚ್ಚು. ಆದುದರಿಂದ ವಸ್ತುವಿನ ದ್ರವ್ಯರಾಶಿಯನ್ನು ಅದರ ವೇಗದಿಂದ ಗುಣಿಸಿ ಬಂದುದನ್ನೇ ನ್ಯೂಟನ್ನನು ‘ಚಲನೆಯ ಪರಿಮಾಣ’ವೆಂದನು. ಈಗಿನ ಪಾಠಪುಸ್ತಕಗಳು ಅದನ್ನು ಸಂವೇಗವೆನ್ನುವುವು. ತೇರಿನ ತೂಕ 20 ಟನ್ನೆಂದೂ, ಅದು ಸೆಕೆಂಡಿಗೆ ಕಾಲು ಮೀಟರಿನಂತೆ ಸಾಗುವುದೆಂದೂ ಇಟ್ಟುಕೊಳ್ಳೋಣ. ಒಂದು ಟನ್ ತೂಕದ ಕಾರು ಗಂಟೆಗೆ 18 ಕಿಲೋಮೀಟರಿನಂತೆ ಓಡುವಾಗ ಅದರ ಸಂವೇಗವೂ ಅಷ್ಟೇ ಆಗುವುದು. ಕಾರು ಗಂಟೆಗೆ 72 ಕಿಲೋಮೀಟರಿನಂತೆ ಓಡಿತೋ, ಅಂತಹ ನಾಲ್ಕು ತೇರುಗಳ ಸಂವೇಗ ಅದರಲ್ಲಿ ಅಡಗಿರುವುದು! ಕಾರಿನೊಳಗೆ ಮೆತ್ತೆಯ ಮೇಲೆ ಒರಗಿ ಕುಳಿತವನಿಗೆ ಇದರ ಅರಿವೇ ಆಗುವುದಿಲ್ಲ, ಅಪಾಯವಿರುವುದೂ ಅಲ್ಲಿಯೇ.

ಸಂವೇಗವನ್ನು ಸಾಲಕ್ಕೆ ಹೋಲಿಸಬಹುದು. ವಾಹನವೇರಿ ಹೊರಟವನು ಎಂಜಿನ್ನಿನಿಂದ ವೇಗವನ್ನು ಕಡ ತಂದಿರುವನು. ಇಳಿಯುವುದಕ್ಕೆ ಮೊದಲು ಅದನ್ನು ಕಾಸಿಗೆ ಕಾಸು ತೀರಿಸಲೇಬೇಕು, ಮನ್ನಾ ಎಂಬುದಿಲ್ಲ. ಆದರೆ ತೀರಿಸುವ ರೀತಿ ಎರಡುಂಟು: ಕಂತು ಕಂತಾಗಿ ತೀರಿಸಬಹುದು, ಇಲ್ಲವೇ ಒಂದೇ ಗಳಿಗೆಯಲ್ಲಿ ತೀರಿಸಬಹುದು. ಕಂತುಗಳು ಹೆಚ್ಚಿದಷ್ಟೂ ಒಂದೊಂದು ಕಂತಿನ ಹೊರೆ ಹಗುರ. ಒಂದೇ ಗಳಿಗೆಯಲ್ಲಿ ತೀರಿಸಹೊರಟರೆ ಮನೆಯೇ ಹರಾಜಾಗುವುದು. ಇಲ್ಲಿ ಕಂತಿನ ಮೊತ್ತವೆಂದರೆ ಬಲ. ಕಂತುಗಳ ಸಂಖ್ಯೆಯೆಂದರೆ ಕಾಲ. ಬಲವನ್ನು ಕಾಲದಿಂದ ಗುಣಿಸಿದರೆ ತೀರಿದ ಸಂವೇಗವು ದೊರೆಯುವುದು. ನ್ಯೂಟನ್ನನ ಎರಡನೆಯ ನಿಯಮದ ಸಾರವೆಲ್ಲ ಇಷ್ಟೇ.

ಇದನ್ನು ಲೆಕ್ಕದಲ್ಲಿ ನೋಡುವುದಕ್ಕೆ ಒಂದು ಅಳತೆ ಬೇಕು. ಒಂದು ಕಿಲೋಗ್ರಾಂ ತೂಕದ ಕಲ್ಲು ಅಂಗೈಯನ್ನು ಒತ್ತುವ ಬಲವು ಸುಮಾರು 10 ನ್ಯೂಟನ್. ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಅದು ಸೆಕೆಂಡಿಗೆ 30 ಮೀಟರ್ ವೇಗದಿಂದ ಬರುವಾಗ ಕೈಯನ್ನು ಬಿಗಿಹಿಡಿದು ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ನಿಲ್ಲಿಸಿದರೆ, ಅಂಗೈಯ ಮೇಲೆ 480 ನ್ಯೂಟನ್, ಎಂದರೆ 48 ಕಿಲೋ ಭಾರ ಬಿದ್ದಂತಾಗುವುದು. ನುರಿತ ಆಟಗಾರನು ಕೈಯನ್ನು ಚೆಂಡಿನೊಡನೆ ಹಿಂದಕ್ಕೆ ಸೆಳೆದುಕೊಂಡು ಸೆಕೆಂಡಿನ ಹತ್ತನೆಯ ಒಂದು ಪಾಲನ್ನು ಅದಕ್ಕೆ ಕೊಡುವನು. ಭಾರವು ಐದು ಕಿಲೋ ಒಳಗಾಗುವುದು. ಚೆಂಡು ಅದೇ, ವೇಗ ಅದೇ. ಕೊಟ್ಟ ಕಾಲ ಮಾತ್ರ ಬೇರೆ. ಕೈತಪ್ಪಿ ಕಲ್ಲುಹಾಸಿನ ಮೇಲೆ ಬಿದ್ದ ಗಾಜಿನ ಲೋಟ ಚೂರಾಗುವುದು, ಹಾಸಿಗೆಯ ಮೇಲೆ ಬಿದ್ದುದು ಉಳಿಯುವುದು. ಹಾಸಿಗೆಯು ತಗ್ಗುತ್ತಾ ಕಾಲವನ್ನು ಕೊಟ್ಟಿತು. ತುಂಬಿದ ಕೊಡವನ್ನು ಬಾವಿಯಿಂದ ಹದವಾಗಿ ಸೇದುವವರ ಹಗ್ಗ ವರ್ಷಗಟ್ಟಲೆ ಬಾಳುವುದು. ಜಗ್ಗಿ ಎಳೆಯುವವರ ಹಳೆಯ ಹಗ್ಗ ಹರಿದು ಕೊಡ ಪಾತಾಳವನ್ನು ಸೇರುವುದು.

ಬಲವೇ ಬೇಕಾದ ಕಡೆಯಲ್ಲಿ ನಾವು ಕಾಲವನ್ನು ಕಿರಿದು ಮಾಡುವೆವು. ಗೋಡೆಗೆ ಮೊಳೆಯನ್ನು ಕೈಯಿಂದ ಒತ್ತಿದರೆ ಹೋಗದು. ಅರ್ಧ ಕಿಲೋ ತೂಕದ ಸುತ್ತಿಗೆಯನ್ನು ಸೆಕೆಂಡಿಗೆ ನಾಲ್ಕು ಮೀಟರ್ ವೇಗದಿಂದ ಬೀಸಿ, ಅದು ಸೆಕೆಂಡಿನ ಸಾವಿರದೊಂದು ಪಾಲಿನಲ್ಲಿ ನಿಂತಿತೆಂದರೆ ಮೊಳೆಯ ತಲೆಯ ಮೇಲೆ 200 ಕಿಲೋ ಭಾರ ಹೊರಿಸಿದಂತಾಯಿತು. ಒರಳಿನ ಒನಕೆಯೂ, ಕಲ್ಲಿಗೆ ಅಪ್ಪಳಿಸಿದ ತೆಂಗಿನಕಾಯಿಯೂ ಇದೇ ಮರ್ಮದವು. ತೆಂಗಿನಕಾಯಿಯನ್ನು ಮರಳಿನ ಮೇಲೆ ಒಡೆಯಲು ಯಾರೂ ಹೋಗುವುದಿಲ್ಲವಷ್ಟೆ.

ತೀರಿಸಿದ ಸಾಲವು ಎಲ್ಲಿಗೆ ಹೋಗುವುದೆಂದು ವಾಚಕರು ಕೇಳಬಹುದು. ಅದು ನಷ್ಟವಾಗುವುದಿಲ್ಲ, ಇನ್ನೊಬ್ಬರ ಖಾತೆಗೆ ಸೇರುವುದು. ಹರಿಗೋಲಿನಿಂದ ದಡಕ್ಕೆ ಹಾರಿದರೆ ಹರಿಗೋಲು ಹಿಂದಕ್ಕೆ ಸರಿಯುವುದು. ನಮಗೆ ಮುಂದಕ್ಕೆ ಎಷ್ಟು ಸಂವೇಗ ಬಂದಿತೋ ಅದಕ್ಕೆ ಹಿಂದಕ್ಕೆ ಅಷ್ಟೇ ಬಂದಿತು. ಒಂದು ವಸ್ತು ಇನ್ನೊಂದನ್ನು ನೂಕಿದರೆ ಅದೂ ಇದನ್ನು ಅಷ್ಟೇ ಬಲದಿಂದ ನೂಕುವುದೆಂಬುದು ನ್ಯೂಟನ್ನನ ಮೂರನೆಯ ನಿಯಮ. ಬ್ರೇಕು ಹಾಕಿದ ಕಾರು ತನ್ನ ಸಂವೇಗವನ್ನು ರಸ್ತೆಯ ಮೂಲಕ ಭೂಮಿಗೆ ಒಪ್ಪಿಸುವುದು. ಭೂಮಿ ಬಹು ದೊಡ್ಡ ಸಾಹುಕಾರನಾದುದರಿಂದ ಅದು ಅಲುಗಿದುದು ನಮಗೆ ಕಾಣಿಸದು.

ಸಾಲವನ್ನು ಕಂತಿನಲ್ಲಿ ತೀರಿಸಿದುದಕ್ಕೆ ನಮ್ಮ ಕಾಲದ ಒಂದು ದೊಡ್ಡ ಉದಾಹರಣೆ ಚಂದ್ರನ ಮೇಲೆ ನಡೆದಿರುವುದು. 2023ರ ಆಗಸ್ಟ್ 23ರ ಸಂಜೆ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ವಿಜ್ಞಾನಿಗಳು ಉಸಿರು ಬಿಗಿಹಿಡಿದು ಕುಳಿತಿದ್ದರು. ಚಂದ್ರಯಾನ-3ರ ‘ವಿಕ್ರಮ’ ನೌಕೆಯು ಚಂದ್ರನಿಂದ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 1,680 ಮೀಟರ್ ವೇಗದಿಂದ ಓಡುತ್ತಿದ್ದಿತು. ಬಂದೂಕಿನ ಗುಂಡಿನ ವೇಗಕ್ಕೆ ಇದು ಇಮ್ಮಡಿ. ನೌಕೆಯ ತೂಕ ಸುಮಾರು ಒಂದೂಮುಕ್ಕಾಲು ಟನ್. ಚಂದ್ರನಲ್ಲಿ ಗಾಳಿಯಿಲ್ಲವಾದುದರಿಂದ ಕೊಡೆಯನ್ನು ಬಿಚ್ಚಿ ಇಳಿಯುವಂತಿಲ್ಲ. ಎಂಜಿನ್ನುಗಳನ್ನು ಹೊತ್ತಿಸಿ, ಬೆಂಕಿಯ ಅನಿಲವನ್ನು ತಾನು ಓಡುವ ದಿಕ್ಕಿಗೆ ಉಗುಳಿ, ತನ್ನ ಸಂವೇಗವನ್ನು ಆ ಅನಿಲದ ಖಾತೆಗೆ ವರ್ಗಾಯಿಸುವುದೊಂದೇ ಉಪಾಯ. ಅದರ ನಾಲ್ಕು ಎಂಜಿನ್ನುಗಳಲ್ಲಿ ಒಂದೊಂದರ ನೂಕು 800 ನ್ಯೂಟನ್. ನಾಲ್ಕೂ ಕೂಡಿದರೆ 3,200 ನ್ಯೂಟನ್. ಎಂದರೆ 50 ಕಿಲೋ ತೂಗುವ ಆರೇಳು ಅಕ್ಕಿಮೂಟೆಗಳ ಭಾರ, ಅಷ್ಟೇ! ಆದರೆ ಮೊದಲ ಹಂತಕ್ಕೇ ಹನ್ನೊಂದೂವರೆ ನಿಮಿಷಗಳನ್ನು ಕೊಟ್ಟಿದ್ದರು. ಇಳಿಯುವ ಕಾರ್ಯವೆಲ್ಲ ಮುಗಿಯಲು ಸುಮಾರು 19 ನಿಮಿಷಗಳು ಹಿಡಿದುವು. ಕಡೆಗೆ ನೌಕೆಯು ತನ್ನ ನಾಲ್ಕು ಕಾಲುಗಳ ಮೇಲೆ ಮೆಲ್ಲನೆ ನಿಂತಿತು. ನಾಲ್ಕು ವರ್ಷಗಳ ಹಿಂದೆ, 2019ರ ಸೆಪ್ಟೆಂಬರ್ 7ರಂದು, ಅದರ ಹೆಸರಿನದೇ ಆದ ಮೊದಲ ನೌಕೆಯು ವೇಗವನ್ನು ಹದವಾಗಿ ಇಳಿಸಲಾರದೆ ಉಳಿದ ಸಾಲವನ್ನು ನೆಲಕ್ಕೆ ಬಡಿದೇ ತೀರಿಸಿದ್ದಿತು.

ಈಗ ನನ್ನ ತಂಗಿಯ ಮಗಳ ಪ್ರಶ್ನೆಗೆ ಬರುವೆನು. ಅಂದು ಕಾರಿನ ವೇಗ ಗಂಟೆಗೆ 20 ಕಿಲೋಮೀಟರಿನಷ್ಟಿದ್ದಿರಬೇಕು. ಬ್ರೇಕು ಅದನ್ನು ಒಂದು ಸೆಕೆಂಡಿನಲ್ಲಿ ನಿಲ್ಲಿಸಿತೆಂದರೆ, 10 ಕಿಲೋ ತೂಕದ ಮಗುವನ್ನು ತಡೆಯಲು ತಾಯಿಯ ತೋಳಿಗೆ ಬೇಕಾಗಿದ್ದುದು ಆರು ಕಿಲೋ ಒಳಗಿನ ಬಲ. ಅಷ್ಟಕ್ಕೇ, ಎಚ್ಚರಿಕೆಯಿಲ್ಲದೆ ಬಂದುದರಿಂದ, ತೋಳು ಸಡಿಲಿತು. ಅದೇ ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 14 ಮೀಟರಿನಂತೆ ಹೋಗಿ ಗೋಡೆಗೆ ಗುದ್ದಿದ್ದರೆ? ಕಾರಿನ ಮೂತಿಯು ನಜ್ಜುಗುಜ್ಜಾಗುತ್ತಾ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಕಾಲವನ್ನು ಕೊಡುವುದು. ಆ ಕಾಲದಲ್ಲಿ ಮಗುವನ್ನು ತಡೆಯಲು 1,400 ನ್ಯೂಟನ್ ಬಲ ಬೇಕು. 140 ಕಿಲೋ ಭಾರ! ಯಾವ ತಾಯಿಯ ತೋಳಿಗೂ, ಯಾವ ಜಟ್ಟಿಯ ತೋಳಿಗೂ ಅದು ಸಾಧ್ಯವಲ್ಲ. ಏಕೆಂದರೆ ಅದೇ ಕ್ಷಣದಲ್ಲಿ ಅವರೂ ಮುಂದಕ್ಕೆ ಎಸೆಯಲ್ಪಡುತ್ತಿರುವರು. ಕೈತಪ್ಪಿದ ಮಗುವು ಆಗಲೇ ನಿಂತುಹೋಗಿರುವ ಮುಂದಿನ ಹಲಗೆಗೆ ಬಡಿಯುವುದು. ಗಟ್ಟಿಯಾದ ಹಲಗೆಯು ಸೆಕೆಂಡಿನ ನೂರನೆಯ ಒಂದು ಪಾಲಿಗಿಂತ ಹೆಚ್ಚು ಕಾಲವನ್ನು ಕೊಡಲಾರದು. ಆಗ ಎಳೆಯ ದೇಹದ ಮೇಲೆ ಬೀಳುವುದು 14,000 ನ್ಯೂಟನ್. ಒಂದೂಮುಕ್ಕಾಲು ಟನ್ ತೂಕದ ಚಂದ್ರನೌಕೆಯ ಓಟವನ್ನು ತಗ್ಗಿಸಿದ ಬಲಕ್ಕಿಂತ ಇದು ನಾಲ್ಕು ಮಡಿಗೂ ಹೆಚ್ಚು. ಗುಂಡಿಗಿಂತ ವೇಗವಾಗಿ ಓಡುತ್ತಿದ್ದ ನೌಕೆಗೆ ಕಾಲವನ್ನು ಕೊಟ್ಟರು, ಅದು ಉಳಿಯಿತು. ಊರ ಬೀದಿಯ ವೇಗದಲ್ಲಿ ಹೋಗುತ್ತಿದ್ದ ಮಗುವಿಗೆ ಕಾಲ ಸಿಕ್ಕದು.

ಗಂಟೆಗೆ 50 ಕಿಲೋಮೀಟರೆಂದರೆ ದೊಡ್ಡ ವೇಗವಲ್ಲವೆಂದು ನಮಗೆ ತೋರುವುದು. ಆದರೆ ಹತ್ತು ಮೀಟರ್ ಎತ್ತರದಿಂದ, ಎಂದರೆ ಮೂರು ಅಂತಸ್ತಿನ ಮಾಳಿಗೆಯಿಂದ ಬಿದ್ದ ವಸ್ತುವು ನೆಲವನ್ನು ಮುಟ್ಟುವಾಗ ಅದಕ್ಕಿರುವ ವೇಗವೂ ಇಷ್ಟೇ. ಮಗುವನ್ನೆತ್ತಿಕೊಂಡು ಆ ಮಾಳಿಗೆಯ ಅಂಚಿನಲ್ಲಿ ಕುಳಿತುಕೊಳ್ಳಲು ಒಪ್ಪದ ತಾಯಿಯು ಕಾರಿನ ಮುಂದಿನ ಆಸನದಲ್ಲಿ ನಿಶ್ಚಿಂತೆಯಿಂದ ಕುಳಿತಿರುವಳು. ವೇಗವನ್ನು ಇಮ್ಮಡಿಗೊಳಿಸಿದರೆ ಬ್ರೇಕು ಹಾಕಿದ ಮೇಲೆ ಕಾರು ನಿಲ್ಲಲು ಬೇಕಾದ ದೂರವು ನಾಲ್ಮಡಿಯಾಗುವುದೆಂಬುದನ್ನೂ ಚಾಲಕರು ಮರೆಯಬಾರದು. ಇಮ್ಮಡಿ ಸಂವೇಗವನ್ನು ತೀರಿಸಲು ಇಮ್ಮಡಿ ಕಾಲ ಬೇಕು. ಆ ಕಾಲದಲ್ಲೆಲ್ಲ ಕಾರು ಇಮ್ಮಡಿ ವೇಗದಿಂದ ಓಡುತ್ತಿರುವುದು.

ಹಾಗಾದರೆ ಗೃಹಸ್ಥರು ಮಾಡತಕ್ಕುದೇನು? ಆಸನಕ್ಕೆ ಬಿಗಿಯುವ ಪಟ್ಟಿಯು ಕಾರಿನ ಮೂತಿ ಕೊಡುವ ಕಾಲವನ್ನು ನಮಗೂ ಹಂಚಿ, ಬಲವನ್ನು ಎದೆಯ ಎಲುಬು ಸೊಂಟದ ಎಲುಬುಗಳ ಮೇಲೆ ಹರಡುವುದು. ಹೆಗಲಿನಿಂದ ಸೊಂಟಕ್ಕೆ ಬರುವ ಈಗಿನ ಮಾದರಿಯ ಪಟ್ಟಿಯನ್ನು ಸ್ವೀಡನ್ನಿನ ವೋಲ್ವೋ ಕಾರ್ಖಾನೆಯ ಎಂಜಿನಿಯರ್ ನೀಲ್ಸ್ ಬೋಲಿನ್ ಎಂಬವನು 1959ರಲ್ಲಿ ಬಳಕೆಗೆ ತಂದನು. ಲೋಕದ ಕಾರು ತಯಾರಕರೆಲ್ಲರೂ ಅದನ್ನು ಉಪಯೋಗಿಸಿಕೊಳ್ಳಲೆಂದು ಆ ಕಾರ್ಖಾನೆಯವರು ತಮ್ಮ ಹಕ್ಕನ್ನು ಬಿಟ್ಟುಕೊಟ್ಟರು. ಹಿಂದಿನ ಆಸನದವರೂ ಇದನ್ನು ಬಿಗಿದುಕೊಳ್ಳಬೇಕು. ಆದರೆ ತಾಯಿ ಮಗುವಿಬ್ಬರನ್ನೂ ಒಂದೇ ಪಟ್ಟಿಯೊಳಗೆ ಸೇರಿಸುವುದು ಮಹಾ ಅಪಾಯ. ಡಿಕ್ಕಿಯಾದಾಗ ತಾಯಿಯ ಭಾರವೆಲ್ಲ ಮಗುವನ್ನು ಪಟ್ಟಿಗೆ ಒತ್ತಿ ಅರೆಯುವುದು. ಮಕ್ಕಳಿಗೆ ಅವರವರ ವಯಸ್ಸಿಗೂ ತೂಕಕ್ಕೂ ತಕ್ಕ ಬೇರೆ ಆಸನಗಳುಂಟು. ಅವನ್ನು ಕಾರಿನ ಹಿಂಭಾಗದಲ್ಲಿ ಕಟ್ಟಿ ಅದರಲ್ಲಿಯೇ ಕೂರಿಸತಕ್ಕದ್ದು. 14 ವರ್ಷ ತುಂಬದ ಮಕ್ಕಳನ್ನು ಪಟ್ಟಿಯಿಂದಾಗಲಿ ಇಂತಹ ಆಸನದಿಂದಾಗಲಿ ಭದ್ರಪಡಿಸದೆ ಕಾರಿನಲ್ಲಿ ಕರೆದೊಯ್ದರೆ 1,000 ರೂಪಾಯಿ ದಂಡವೆಂದು 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯು ವಿಧಿಸಿರುವುದು.

ಸ್ಕೂಟರಿನ ವಿಷಯವೂ ಇದೇ. ತಲೆಯು ಒಂದೂವರೆ ಮೀಟರ್ ಎತ್ತರದಿಂದ ರಸ್ತೆಗೆ ಬಿದ್ದು ಮೂರು ಮಿಲಿಮೀಟರಿನೊಳಗೆ ನಿಂತಿತೆಂದರೆ ಅದರ ಮೇಲಿನ ಬಲವು ತಲೆಯ ತೂಕದ 500 ಪಟ್ಟು. ಹೆಲ್ಮೆಟ್ಟಿನ ಒಳಗಣ ಬೆಂಡು ಎರಡೂವರೆ ಸೆಂಟಿಮೀಟರ್ ಕುಗ್ಗಿ ಜಾಗ ಕೊಟ್ಟರೆ ಅದು 60 ಪಟ್ಟಿಗೆ ಇಳಿಯುವುದು. ನಿಲ್ಲಲು ದೂರವನ್ನು ಕೊಡುವುದೆಂದರೆ ಕಾಲವನ್ನು ಕೊಡುವುದೇ. ತಂದೆಯ ತಲೆಗೆ ಹೆಲ್ಮೆಟ್, ಮುಂದೆ ನಿಂತ ಮಗುವಿನ ತಲೆಗೆ ಬರಿಯ ಟೋಪಿ — ಈ ನೋಟವನ್ನು ನಾವು ದಿನವೂ ಕಾಣುವೆವು. ನಾಲ್ಕು ವರ್ಷ ಮೀರಿದವರೆಲ್ಲರೂ ಹೆಲ್ಮೆಟ್ ಧರಿಸಬೇಕೆಂದು ಕಾಯಿದೆಯಿರುವುದು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೂ ಹೆಲ್ಮೆಟ್, ಚಾಲಕನಿಗೆ ಬಿಗಿಯುವ ಪಟ್ಟಿ, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ — ಈ ನಿಯಮಗಳು 2023ರ ಫೆಬ್ರವರಿ 15ರಿಂದ ಜಾರಿಗೆ ಬಂದಿರುವುವು. ದಂಡಕ್ಕಂಜಿ ಪಾಲಿಸುವುದಕ್ಕಿಂತ ಕಾರಣವನ್ನರಿತು ಪಾಲಿಸುವುದು ಮೇಲು. ಪೋಲೀಸಿನವರಿಲ್ಲದ ರಸ್ತೆಯಲ್ಲಿಯೂ ನ್ಯೂಟನ್ನನ ನಿಯಮ ಕಾದುಕೊಂಡೇ ಇರುವುದು.

ಈ ಲೆಕ್ಕವನ್ನೆಲ್ಲ ಒಂದು ಕಾಗದದ ಮೇಲೆ ಬರೆದು ನನ್ನ ತಂಗಿಯ ಮಗಳಿಗೆ ತೋರಿಸಿದೆನು. ಅವಳು ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, “ಹಾಗಾದರೆ ನನ್ನ ತಪ್ಪಲ್ಲವೆ ಮಾವ?” ಎಂದು ಕೇಳಿದಳು. “ಹಿಡಿತದಲ್ಲಿ ನಿನ್ನ ತಪ್ಪಿಲ್ಲಮ್ಮ. ತೋಳನ್ನು ನಂಬಿದುದು ತಪ್ಪು, ನಿನ್ನೊಡನೆ ನಾವೆಲ್ಲರೂ ಅದನ್ನು ಮಾಡಿದೆವು” ಎಂದೆನು. ಮುಂದಿನ ಸಲ ಅವಳು ನಮ್ಮ ಮನೆಗೆ ಬಂದಾಗ ಮಗುವಿನ ಆಸನವು ಕಾರಿನ ಹಿಂಭಾಗದಲ್ಲಿ ಬಿಗಿದಿದ್ದಿತು. ದಾರಿಯುದ್ದಕ್ಕೂ ಮಗುವು ಅದರಲ್ಲಿ ಕುಳಿತು ಅತ್ತಿತಂತೆ; ತಾಯಿಗೂ ಎತ್ತಿಕೊಳ್ಳಬೇಕೆಂದು ಕೈ ತುಡಿಯಿತಂತೆ. ಆದರೂ ಎತ್ತಿಕೊಳ್ಳಲಿಲ್ಲವೆಂದು ಹೇಳಿದಳು. ಅವಳು ಕಾರಿನಿಂದಿಳಿದು ಪಟ್ಟಿಯನ್ನು ಬಿಚ್ಚಿ ಮಗುವನ್ನು ಎದೆಗಪ್ಪಿಕೊಂಡುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆನು. ಕಾರು ನಿಂತಿದ್ದಿತು, ಋಣವೆಲ್ಲ ತೀರಿದ್ದಿತು.